ಹಿಮಕ್ಕೆ ಹೊಚ್ಚುವ ಕಂಬಳಿ

ಆಕಾಶದಿಂದ ಹಿಮ ಬೀಳುವುದು ನಿಂತುಹೋದ ಮೇಲೆ, ಹಿಮಾಲಯದ ಆ ಕಣಿವೆಯಲ್ಲಿ ಉಳಿದದ್ದು ಒಂದೇ ಒಂದು ಬಿಳಿ ದಾರಿ. ನಸುಕಿನಲ್ಲಿ ರೆಸಾರ್ಟಿನ ಅತಿಥಿಗಳು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಅದರ ಮೇಲೆ ಜಾರುತ್ತಿದ್ದರು. ಅದು ಕರಗದಿರಲೆಂದು ಬಿಸಿಲೇರುವ ಮೊದಲು ಕೂಲಿ ಹೆಂಗಸರು ಅಂಚಿನಲ್ಲೇ ನಿಂತು ಅದಕ್ಕೆ ಕುರಿಯುಣ್ಣೆಯ ಕಂಬಳಿ ಹೊಚ್ಚುತ್ತಿದ್ದರು. ಆ ಕಂಬಳಿ ನೇಯಲೆಂದೇ ರಾಣೆಬೆನ್ನೂರಿನಿಂದ ಬಂದ ಮಾಳವ್ವ ಹಿಮವನ್ನು ಒಮ್ಮೆಯೂ ತುಳಿದಿರಲಿಲ್ಲ. ತುಳಿದರೆ ಸವೆಯುತ್ತದೆ, ತುಳಿಯಕೂಡದು ಎಂಬ ನಿಯಮವಿತ್ತು, ಕೂಲಿಯವರಿಗೆ ಮಾತ್ರ.

ಅಂದು ಹೆಂಗಸರೆಲ್ಲ ಕಂಬಳಿ ಹೆಗಲಿಗೇರಿಸಿ, ಹೊಚ್ಚದೆ ನಿಂತರು.

"ಬಿಸಿಲು ಬರ್ತಿದೆ, ಹೊದಿಸ್ರಮ್ಮಾ!" ಮೇಲ್ವಿಚಾರಕ ವಾದಿರಾಜ ಕೂಗಿದ.

"ನಾ ಒಂದ್ಸಲ ಜಾರಿ ಬರ್ತೀನ್ರಿ ಸಾಹೇಬ್ರ. ಆಮ್ಯಾಲೆ ಹೊಚ್ತೀವಿ," ಎಂದಳು ಮಾಳವ್ವ.

"ನಿಮ್ಮ ಭಾರಕ್ಕೆ ಕರಗಿಹೋಗುತ್ತೆ!"

"ನಿಮ್ಮ ಅತಿಥಿಗೋಳು ಹತ್ತಿಯಂಗ ಹಗುರ ಅದಾರೇನ್ರಿ?" ಹಿಂದಿನಿಂದ ಕೆಂಚವ್ವ ನಕ್ಕಳು.

ಯಾರೂ ಕದಲಲಿಲ್ಲ. ದಾರಿಯ ಅಂಚಿನಲ್ಲಿ ನೀರು ತೊಟ್ಟಿಕ್ಕತೊಡಗಿತು. ವಾದಿರಾಜ ತನ್ನ ಸ್ಕೀ ಬಿಚ್ಚಿ ಕೊಟ್ಟ.

ಮಾಳವ್ವ ತಡವರಿಸಿ, ಆಮೇಲೆ ಜಾರಿದಳು. ತಣ್ಣನೆ ಗಾಳಿ ಕೆನ್ನೆ ಸವರಿತು. ದಾರಿ ಇನ್ನೂ ಉದ್ದಕ್ಕಿತ್ತು. ಅಷ್ಟರಲ್ಲಿ ಬಿಸಿಲು ಬಿದ್ದು ಕಾಲ ಬಳಿಯ ಹಿಮ ಒದ್ದೆಯಾಗಿ ಮಿನುಗಿತು. ಅವಳು ತಾನಾಗಿಯೇ ಪಕ್ಕಕ್ಕಿಳಿದಳು. ಮುಂದೆ ಉಳಿದ ದಾರಿಯನ್ನು ಕಣ್ತುಂಬ ನೋಡಿ ಕೂಗಿದಳು:

"ಹೊಚ್ಚರವ್ವಾ, ಲಗೂ ಹೊಚ್ಚರಿ!"