ಬಾಳೆಯ ಬುಡ

ಗ್ರೇಸಿ ಬಕೆಟ್ ಎತ್ತಿಕೊಂಡು ಸೀದಾ ಬಾಳೆಯ ಬುಡಕ್ಕೆ ನಡೆದಳು. ಸ್ಕಂದ ರಾಯರು ತಮ್ಮ ಕಂಪನಿಯ ‘ಹಸಿರು’ ಫಿನಾಯಿಲ್ ಹಾಕಿ, ಕಾಕ್ಕನಾಡಿನ ತಮ್ಮ ಮನೆಯ ಜಗಲಿಯನ್ನು ಆಗತಾನೆ ಫಳಫಳ ಒರೆಸಿ ತೋರಿಸಿದ್ದರು. ಒರೆಸಿದ ಆ ನೀರೇ ಬಕೆಟ್ಟಿನಲ್ಲಿತ್ತು. ಆ ಫಿನಾಯಿಲಿಗೆ ಪರಿಸರಸ್ನೇಹಿ ಎಂಬ ಪ್ರಮಾಣಪತ್ರ ಕೊಡಬಹುದೇ ಎಂದು ಪರೀಕ್ಷಿಸಲು ಬಂದವಳು ಅವಳು.

“ಮಣ್ಣಿಗೂ ನೀರಿಗೂ ಇದರಿಂದ ಏನೂ ಆಗುದಿಲ್ಲ ಅಂತ ಈಗಷ್ಟೇ ಹೇಳಿದಿರಲ್ಲ ಸರ್?” ಎನ್ನುತ್ತ ಬಕೆಟ್ ಬಾಗಿಸಿದಳು.

ರಾಯರು ಓಡಿಬಂದು ಹಿಡಿಕೆಗೆ ಕೈಹಾಕಿದರು. “ಅಲ್ಲಿಗೆ ಬೇಡ ಮಾರಾಯ್ರೆ, ನೇಂದ್ರ ಗೊನೆ ಹಾಕಿದೆ!”

“ಹಾಗಾದ್ರೆ ಎಲ್ಲಿಗೆ ಚೆಲ್ಲಲಿ? ನೀವೇ ಹೇಳಿ.”

ರಾಯರು ಬಾವಿಯತ್ತ ನೋಡಿದರು. ಬೇಲಿಯಾಚೆಯ ತೋಡಿನಲ್ಲಿ ಈಜುತ್ತಿದ್ದ ತಮ್ಮ ಬಾತುಕೋಳಿಗಳತ್ತ ನೋಡಿದರು. ಹಿಡಿಕೆಯನ್ನು ಮಾತ್ರ ಬಿಡಲಿಲ್ಲ.