ಬೆನ್ನಿನ ಎಡಗಡೆ

ಬಂದರಿನ ಹಮಾಲಿ ಅಪ್ಪಲರಾಜುವಿನ ಬೆನ್ನ ಮೇಲೆದ್ದ ಬೊಬ್ಬೆ ನೋಡಿ ಮ್ಯಾನೇಜರ್ ಚಂದ್ರಮೌಳಿ, "ಸೂಪರ್" ಎಂದ. ಹಲ್ಲಿನ ಸಂದಿಯ ಅಡಿಕೆ ಚೂರನ್ನು ಉಗುರಿನಿಂದ ಕಿತ್ತು, ಅದೇ ಉಗುರಿನಿಂದ ಬೊಬ್ಬೆಯನ್ನು ಒತ್ತಿ ನೋಡಿದ. ಪಕ್ಕದಲ್ಲಿದ್ದ ಕೆಮಿಸ್ಟ್ ಮೃಣಾಲಿನಿ ಆ ಉಗುರಿಗೆ ಅಸಹ್ಯಪಟ್ಟು ಮುಖ ತಿರುಗಿಸಿದಳು.

ವಿಶಾಖಪಟ್ಟಣದ ಆ ಲ್ಯಾಬಿನಲ್ಲಿ, ಬಿಸಿಲಿಗೆ ಸುಟ್ಟ ಚರ್ಮಕ್ಕೆಂದು ವಿಟಮಿನ್ ಡಿ ಸೇರಿಸಿದ ಮುಲಾಮಿನ ಪರೀಕ್ಷೆ ನಡೆದಿತ್ತು. ಬಿಸಿಲಿನ ಬದಲು ಅತಿನೇರಳೆ ದೀಪ. ಮುಲಾಮು ಬೆನ್ನಿನ ಬಲಗಡೆಗೆ ಮಾತ್ರ. ಅದರ ಗುಣ ಎದ್ದು ಕಾಣಲೆಂದು ಎಡಗಡೆ ದೀಪವನ್ನು ಹೆಚ್ಚು ಹೊತ್ತು ಉರಿಸಲು ಹೇಳಿದವನು ಚಂದ್ರಮೌಳಿ. ಸ್ವಿಚ್ ಒತ್ತಿ ಹಿಡಿದ ಕೈ ಮೃಣಾಲಿನಿಯದು.

"ಎಡಕ್ಕೂ ಸ್ವಲ್ಪ ಹಚ್ಚಲಾ ಸಾರ್? ಪಾಪ, ಉರೀತಿರುತ್ತೆ."

"ಬೇಡ ಕಣಮ್ಮ, ಫೋಟೋ ಕೆಡುತ್ತೆ." ಅವನು ಕ್ಯಾಮೆರಾ ಎತ್ತಿಕೊಂಡ.

ಬೋರಲಾಗಿ ಮಲಗಿದ್ದ ಅಪ್ಪಲರಾಜುವಿಗೆ ಇವರ ಕನ್ನಡ ಅರ್ಥವಾಗಿರಲಿಲ್ಲ. ಅರ್ಥವಾದದ್ದು 'ಸೂಪರ್' ಒಂದೇ. ಕತ್ತು ಹೊರಳಿಸಿ, ನೋವಿನಲ್ಲೂ ಮುಖ ಅರಳಿಸಿ ಕೇಳಿದ: "ತಗ್ಗಿಪೋಯಿಂದಾ ಅಮ್ಮಾ?"

ವಾಸಿಯಾಯಿತೇ ಎಂದು ಕೇಳುತ್ತಿದ್ದ. ಮೃಣಾಲಿನಿಗೆ ಈಗ ಅಸಹ್ಯ ಹುಟ್ಟಿದ್ದು ಆ ಉಗುರಿನ ಮೇಲಲ್ಲ. ಇನ್ನೂ ಇಲ್ಲವೆಂದು ಅವನ ತೆಲುಗಿನಲ್ಲೇ ಹೇಳಿ, ಸ್ವಿಚ್ ಒತ್ತಿದ ಕೈಯನ್ನೇ ಮುಲಾಮಿನ ಡಬ್ಬಿಗೆ ಅದ್ದಿ, ಕ್ಯಾಮೆರಾದ ಕಣ್ಣೆದುರೇ ಅವನ ಎಡಬೆನ್ನಿಗೆ ಮೆಲ್ಲಗೆ ಸವರಿದಳು.