ಯಾರ ಪಕ್ಕ

"ಇವಳ ಪಕ್ಕ ಯಾರು ಕೂರ್ತೀರಿ?" ಎಂದು ಟೀಚರ್ ಆಟಿಸಂ ಇದ್ದ ಆ ಹುಡುಗಿಯನ್ನು ತರಗತಿಯ ಮುಂದೆ ನಿಲ್ಲಿಸಿಕೊಂಡೇ ಕೇಳಿದರು. ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತುತ್ತಿದ್ದಳು. ಒಂದು ಕೈಯೂ ಮೇಲೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಪಾಪ ಕಣ್ರೋ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದರು ಟೀಚರ್.

"ನಾನು ಪಾಪ ಅಲ್ಲ. ನನ್ನನ್ನ ಕೇಳಿ!" ಎಂದಳು ಹುಡುಗಿ. ಅವಳ ದನಿಯನ್ನು ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಮೊದಲ ಬೆಂಚಿನಿಂದಲೇ ಒಬ್ಬೊಬ್ಬರತ್ತಲೂ ಬೆರಳು ತೋರಿಸುತ್ತ ಹೋದಳು. "ಇವನು ಬೇಡ, ಬೇಕೂಂತ ಕಿವಿ ಹತ್ರ ಬಂದು ಕಿರುಚ್ತಾನೆ. ಇವಳು ಬೇಡ, ನನ್ನ ಥರಾನೇ ಮಾತಾಡಿ ಎಲ್ಲರನ್ನೂ ನಗಿಸ್ತಾಳೆ. ಇವಳೂ ಬೇಡ, ನನ್ನ ಊಟದ ಡಬ್ಬಿಗೆ ಉಗುಳಿದ್ಲು."

"ಸಾಕು, ಬಾಯ್ಮುಚ್ಚು!" ಟೀಚರ್ ಮೇಜು ಕುಟ್ಟಿದರು.

ಆ ಸದ್ದಿಗೆ ಬೆಚ್ಚಿಬಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಬಾಯಿ ಮಾತ್ರ ಮುಚ್ಚಲಿಲ್ಲ.

"ನೀವೂ ಬೇಡ, ಟೀಚರ್. ಅವಳು ಉಗುಳಿದಾಗ ನೀವು ನೋಡ್ತಾ ಇದ್ರಿ."